ಎಡ ತಿರುವಿನಲ್ಲಿ ಮಾತ್ರ ಗರಗರ: ಸದ್ದಿನ ಮೂಲ ಹುಡುಕಿದ ನನ್ನ ಅನುಭವ

ಬಲಕ್ಕೆ ತಿರುಗಿದರೆ ಗಾಡಿ ಮೌನ. ಎಡಕ್ಕೆ ತಿರುಗಿದ ಕೂಡಲೇ ಮುಂಭಾಗದಿಂದ ಖಾಲಿ ಬೀಸುಕಲ್ಲು ತಿರುಗಿಸಿದಂಥ ಗರಗರ, ಜೊತೆಗೆ ಸ್ಟೇರಿಂಗ್ ಹಿಡಿದ ಅಂಗೈಗೆ ಸಣ್ಣಗೆ ನಡುಕ. ಗಂಟೆಗೆ 40 ಕಿ.ಮೀ. ಒಳಗಿದ್ದಾಗ ಆ ಗರಗರ ಕೇಳಿಸುತ್ತಿರಲಿಲ್ಲ. 60 ದಾಟಿ ಉದ್ದನೆಯ ಎಡ ತಿರುವಿಗೆ ಬಂದರೆ ಪಕ್ಕದಲ್ಲಿ ಕೂತವರೂ 'ಏನದು ಸದ್ದು?' ಎಂದು ಕೇಳುವಷ್ಟು ಜೋರು. ನನ್ನದು ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಕಾರು, ಒಂದು ಲಕ್ಷ ಕಿ.ಮೀ. ದಾಟಿತ್ತು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗಾಡಿ ಓಡಿಸಿಯೂ ನೋಡದೆ 'ಆಕ್ಸಲ್ ಹೋಗಿದೆ ಸರ್, ಬದಲಾಯಿಸಿಬಿಡೋಣ' ಅಂದರು. ತಿರುವಿನಲ್ಲಿ ಸದ್ದು ಅಂದರೆ ಆಕ್ಸಲ್ಲಿನ (ಚಕ್ರಕ್ಕೆ ಎಂಜಿನ್ ಬಲ ಒಯ್ಯುವ ದಂಡ) ಹೊರತುದಿಯ ಸಿವಿ ಜಾಯಿಂಟ್ ಎಂಬ ಕೀಲು ಎಂದು ಹೇಳುವುದು ವಾಡಿಕೆ. ಆದರೆ ಆ ಜಾಯಿಂಟ್ ಕೆಟ್ಟರೆ ಬರುವ ಸದ್ದು ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಿಧಾನ ವೇಗದಲ್ಲಿ, ಆಕ್ಸಲರೇಟರ್ ಒತ್ತಿದಾಗ ಟಕ್ ಟಕ್ ಟಕ್ ಎಂದು ಬಿಡಿಬಿಡಿಯಾಗಿ ಬಡಿಯುತ್ತದೆ. ಖಾಲಿ ಮೈದಾನದಲ್ಲಿ ಎಡಕ್ಕೂ ಬಲಕ್ಕೂ ಸಣ್ಣ ಸುತ್ತು ಹಾಕಿಸಿದೆ. ಒಂದು ಟಕ್ ಕೂಡ ಇಲ್ಲ. ಬಗ್ಗಿ ನೋಡಿದರೆ ಜಾಯಿಂಟಿನ ಮೇಲಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಎಲ್ಲೂ ಹರಿದಿರಲಿಲ್ಲ, ಚಕ್ರದ ಒಳಬದಿಗೆ ಗ್ರೀಸ್ ಸಿಡಿದ ಗುರುತೂ ಇರಲಿಲ್ಲ. ಬೂಟ್ ಗಟ್ಟಿಯಾಗಿದ್ದು ಗ್ರೀಸ್ ಒಳಗೇ ಇದ್ದರೆ ಆ ಜಾಯಿಂಟ್ ಸುಲಭಕ್ಕೆ ಕೆಡುವುದಿಲ್ಲ. ಆಕ್ಸಲ್ ಬದಲಾಯಿಸುವ ಮಾತನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಎರಡು ದಿನ ಬರೆದಿಟ್ಟುಕೊಂಡೆ. ಈ ಕೆಲಸದಲ್ಲಿ ಪಾನಾಕ್ಕಿಂತ ಮೊದಲು ಬೇಕಾದದ್ದು ಇದೇ. ಖಾಲಿ ರಸ್ತೆಯ ಉದ್ದನೆಯ ಎಡ ತಿರುವಿನಲ್ಲಿ 60ರ ವೇಗದಲ್ಲಿ ಒಂದೆರಡು ಕ್ಷಣ ನ್ಯೂಟ್ರಲ್ ಮಾಡಿದೆ. ಎಂಜಿನ್ ಸದ್ದು ಇಳಿಯಿತು, ಗರಗರ ಇಳಿಯಲಿಲ್ಲ. ಅಂದರೆ ಅದು ಎಂಜಿನ್ನಿಗೆ ಅಂಟಿದ್ದಲ್ಲ, ಚಕ್ರದ ವೇಗಕ್ಕೆ ಅಂಟಿದ್ದು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಇಳಿದಾಗ ಟೈರಿನ ಸದ್ದು ಬದಲಾಯಿತು, ಗರಗರದ ಸ್ವರ ಹಾಗೇ ಇತ್ತು. ಹಾಗಾಗಿ ಟೈರಿನ ಮೇಲಿನ ಅನುಮಾನವೂ ಅರ್ಧ ಕಳೆಯಿತು. ಬ್ರೇಕ್ ಮೆಲ್ಲಗೆ ತುಳಿದರೂ ವ್ಯತ್ಯಾಸವಿಲ್ಲ. ನಡುಕವೂ ನೇರ ರಸ್ತೆಯಲ್ಲಿ ಇರಲಿಲ್ಲ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನೇರ ಓಡುವಾಗಲೂ 80–100ರ ಆಸುಪಾಸಿನಲ್ಲಿ ಸ್ಟೇರಿಂಗ್ ಅದುರುತ್ತದೆ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಸಮವಾಗಿ ಸವೆಯದಿದ್ದರೆ ಬ್ರೇಕ್ ತುಳಿದಾಗ ಪೆಡಲ್ಲಿಗೇ ನಡುಕ ಬರುತ್ತದೆ.

ಇನ್ನು ಉಳಿದದ್ದು ತೂಕದ ಲೆಕ್ಕ. ಗಾಡಿ ಎಡಕ್ಕೆ ತಿರುಗುವಾಗ ಅದರ ಭಾರ ಬಲಕ್ಕೆ ವಾಲುತ್ತದೆ. ಬಸ್ಸು ಎಡಕ್ಕೆ ಹೊರಳಿದರೆ ನಿಂತ ಜನ ಬಲಕ್ಕೆ ತೂರಾಡುವುದಿಲ್ಲವೇ, ಹಾಗೆ. ಆ ಹೊತ್ತಿಗೆ ಬಲ ಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಎರಡು ಬಳೆಗಳ ನಡುವೆ ಗುಂಡುಗಳಿರುವ ಭಾಗ) ಮೇಲೆ ಹೆಚ್ಚು ಹೊರೆ, ಎಡ ಚಕ್ರದ್ದು ಹಗುರ. ಎಡಕ್ಕೆ ತಿರುಗುವಾಗ ಸದ್ದು ಏರಿ, ಬಲಕ್ಕೆ ತಿರುಗುವಾಗ ಅಡಗಿದರೆ ಮೊದಲ ಅನುಮಾನ ಬಲ ಬೇರಿಂಗಿನ ಮೇಲೆ. ನನ್ನ ಕಿವಿಗೆ ಮಾತ್ರ ಸದ್ದು ಎಡಗಡೆಯಿಂದಲೇ ಬಂದಂತೆ ಇತ್ತು. ಬಾಡಿಯ ತಗಡು ಸದ್ದನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತದೆ, ಕಿವಿಯನ್ನು ನಂಬಿ ಎಡ ಬೇರಿಂಗ್ ಬಿಚ್ಚಿದವರು ಎಷ್ಟೋ ಮಂದಿ. ತೂಕದ ಲೆಕ್ಕವೂ ನೂರಕ್ಕೆ ನೂರು ಸರಿಯಲ್ಲ, ಆದರೆ ಕಿವಿಗಿಂತ ವಾಸಿ.

ಬಲ ಚಕ್ರ ಬಿಚ್ಚಿದಾಗ ಮೊದಲು ಕಂಡದ್ದು ಒಂದು ಕಲ್ಲು. ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಕಡಲೆ ಗಾತ್ರದ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು, ಡಿಸ್ಕಿನ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಗೀರು. ಸಿಕ್ಕೇಬಿಟ್ಟಿತು ಎಂಬ ಖುಷಿಯಲ್ಲಿ ಕಲ್ಲು ತೆಗೆದು, ತಗಡನ್ನು ಬೆರಳಲ್ಲಿ ಹಿಂದಕ್ಕೆ ಬಾಗಿಸಿ ಗಾಡಿ ಓಡಿಸಿದೆ. ನಿಧಾನಕ್ಕೆ ಹೋಗುವಾಗ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಕಿರ್ರ್ ಎಂಬ ಕೆರೆತ ನಿಂತಿತು. 60ರ ಎಡ ತಿರುವಿನ ಗರಗರ ನಿಲ್ಲಲಿಲ್ಲ. ಎರಡು ತೊಂದರೆ ಒಟ್ಟಿಗೆ ಇದ್ದವು, ನಾನು ಒಂದೇ ಎಂದುಕೊಂಡಿದ್ದೆ.

ಮತ್ತೆ ಜಾಕ್ ಹಾಕಿದೆ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟೆ, ಜಾಕ್ ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಕೈಕಾಲು ಹಾಕಲೇಬೇಡಿ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಇಟ್ಟೆ. ಎಡ ಚಕ್ರದಲ್ಲಿ ಸ್ಪ್ರಿಂಗ್ ತಣ್ಣಗೆ ಸುಮ್ಮನಿತ್ತು. ಬಲ ಚಕ್ರದಲ್ಲಿ ಬೆರಳ ತುದಿಗೆ ಮರಳು ಅರೆದಂತೆ ಸಣ್ಣ ತರಿತರಿ ಸಿಕ್ಕಿತು. ಕಿವಿಗೆ ಏನೂ ಕೇಳಿಸದಿದ್ದರೂ ಸ್ಪ್ರಿಂಗ್ ಹೇಳಿಬಿಡುತ್ತದೆ. ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ.

ಆದರೂ ಅಲುಗಾಟ ನೋಡಿದೆ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರ್ ಹಿಡಿದು ಒಳಗೆ ಹೊರಗೆ ತಳ್ಳಿ ಎಳೆದಾಗ ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ, ಇತ್ತು. ಇದು ಬೇರಿಂಗೂ ಆಗಬಹುದು, ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕೆಳಗಿನ ಬಾಲ್ ಜಾಯಿಂಟೂ ಆಗಬಹುದು. ತಮ್ಮನನ್ನು ಒಳಗೆ ಕೂರಿಸಿ 'ಬ್ರೇಕ್ ಗಟ್ಟಿಯಾಗಿ ತುಳಿದು ಹಿಡ್ಕೊಳ್ಳೋ' ಅಂದೆ. ಅವನು ತುಳಿದಾಗ ಪ್ಲೇ ಮಾಯವಾಯಿತು. ಬ್ರೇಕಿನ ಇಕ್ಕಳದಂಥ ಕ್ಯಾಲಿಪರ್ ಡಿಸ್ಕನ್ನು ಹಿಡಿದಾಗ ಹಬ್ಬು (ಚಕ್ರ ಕೂರುವ ನಡುಭಾಗ) ಅದರ ಹೊರಚೌಕಟ್ಟಿಗೆ ಬಿಗಿಯುತ್ತದೆ, ಆಗ ಬೇರಿಂಗಿನ ಸಡಿಲ ಗೊತ್ತಾಗುವುದಿಲ್ಲ. ಬಾಲ್ ಜಾಯಿಂಟಿನದಾಗಿದ್ದರೆ ಬ್ರೇಕ್ ತುಳಿದರೂ ಅಲುಗುತ್ತಿತ್ತು. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲುಗಿದ್ದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕಡೆ ನೋಡುತ್ತಿದ್ದೆ.

ಆಗ ಇನ್ನೊಂದು ಸಂಗತಿಯೂ ಅರ್ಥವಾಯಿತು. ಕೆಲವು ವಾರಗಳಿಂದ ಉದ್ದನೆಯ ತಿರುವು ಮುಗಿಸಿ ಮೊದಲ ಸಲ ಬ್ರೇಕ್ ತುಳಿದಾಗ ಪೆಡಲ್ ಸ್ವಲ್ಪ ಹೆಚ್ಚು ಕೆಳಗೆ ಹೋಗುತ್ತಿತ್ತು, ಎರಡನೇ ಸಲ ಸರಿ. ಬೇರಿಂಗ್ ಸಡಿಲವಾದರೆ ತಿರುವಿನಲ್ಲಿ ಡಿಸ್ಕ್ ವಾಲಿ ಬ್ರೇಕ್ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಆ ಅಂತರ ತುಂಬಲು ಪೆಡಲ್ ಆಳಕ್ಕೆ ಇಳಿಯಬೇಕು. ಈ ಲಕ್ಷಣ ಕಂಡ ಮೇಲೆ ಗಾಡಿ ಓಡಿಸುವುದು ಬೇಡ.

ಸದ್ದು ಬೇರೆ ಥರ ಇದ್ದರೆ ಹುಡುಕುವ ಜಾಗವೂ ಬೇರೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಮೇಲ್ಗಡೆ ಸ್ಪ್ರಿಂಗ್ ಟಕ್ ಎಂದು ಜಿಗಿದರೆ ಸ್ಟ್ರಟ್ಟಿನ (ಸ್ಪ್ರಿಂಗ್ ಕೂರುವ ಸಸ್ಪೆನ್ಷನ್ ಕಂಬ) ಮೇಲಿನ ಬೇರಿಂಗ್. ಪೂರ್ತಿ ತಿರುಗಿಸಿದಾಗ ಗುಂಯ್ ಎಂದರೆ, ಆಯಿಲ್ ಇರುವ ಪವರ್ ಸ್ಟೇರಿಂಗಾದರೆ ಆಯಿಲ್ ಮಟ್ಟ. ಉಜ್ಜಿದ ಸದ್ದಾದರೆ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ತಗಲುತ್ತಿದೆಯೇ ನೋಡಿ. ಚಕ್ರ ಬಿಚ್ಚಿ ಹಾಕಿದ ಮರುದಿನವೇ ನಡುಕ ಶುರುವಾಗಿದ್ದರೆ ಎಲ್ಲಕ್ಕಿಂತ ಮೊದಲು ಚಕ್ರದ ನಟ್‌ಗಳು.

ಬೇರಿಂಗ್ ಬದಲಾವಣೆಗೆ ಒತ್ತಿ ಕೂರಿಸುವ ಪ್ರೆಸ್ ಯಂತ್ರ ಬೇಕು, ಅದು ನನ್ನಲ್ಲಿಲ್ಲ. ಭಾಗ ಬಿಚ್ಚಿಕೊಂಡು ಬೇರೆ ವರ್ಕ್‌ಶಾಪಿಗೆ ಒಯ್ದು ಪಕ್ಕದಲ್ಲೇ ನಿಂತಿದ್ದೆ. ನಿಲ್ಲಲು ಕಾರಣವಿತ್ತು. ಹೊಸ ಬೇರಿಂಗನ್ನು ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು, ಹಬ್ಬನ್ನು ಅದರೊಳಗೆ ಒತ್ತುವಾಗ ಒಳಬಳೆಗೆ ಕೆಳಗಿಂದ ಆಸರೆ ಕೊಡಬೇಕು. ತಪ್ಪು ಬಳೆಗೆ ಒತ್ತಿದರೆ ಒತ್ತಡವೆಲ್ಲ ಗುಂಡುಗಳ ಮೂಲಕ ಹಾದು ಹೊಸ ಬೇರಿಂಗಿನಲ್ಲೇ ಕುಳಿ ಬೀಳುತ್ತದೆ, ಕೆಲವೇ ದಿನದಲ್ಲಿ ಮತ್ತೆ ಅದೇ ಗರಗರ. ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದು ಚಕ್ರದ ವೇಗ ಓದುವ ಸೆನ್ಸರ್ ಕಡೆಗೇ ಬರಬೇಕು. ತಿರುವುಮುರುವಾದರೆ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಎಲ್ಲ ಮತ್ತೆ ಬಿಚ್ಚಬೇಕು. ಆಕ್ಸಲ್ ನಟ್ ಹೊಸದು ಹಾಕಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ ಬಿಗಿದೆ. ಆ ಬಿಗಿತ ಬರುವ ತನಕ ಗಾಡಿಯನ್ನು ಒಂದಡಿಯೂ ಉರುಳಿಸಲಿಲ್ಲ.

ಹಳೇ ಬೇರಿಂಗಿನ ಒಳಬಳೆ ಹಬ್ಬಿಗೇ ಅಂಟಿಕೊಂಡು ಬಂದಿತ್ತು. ಗ್ರೀಸ್ ಒರೆಸಿ ಬೆಳಕಿಗೆ ಹಿಡಿದೆ. ಗುಂಡುಗಳು ಓಡುವ ಹಾದಿ ಕನ್ನಡಿಯಂತಿರಬೇಕು. ಅಲ್ಲಿ ಹೆಬ್ಬೆರಳ ಉಗುರಿನಗಲದಷ್ಟು ಲೋಹ ಚಕ್ಕೆ ಎದ್ದು, ಉಗುರು ಆಡಿಸಿದರೆ ತಡೆಯುತ್ತಿತ್ತು. ಸೀಲಿನ ಅಂಚಿನಲ್ಲಿ ತುಕ್ಕಿನ ಕಂದು ಗೆರೆ, ನೀರು ಒಳಗೆ ಹೋದ ದಾರಿ ಅದೇ.

ಸಂಜೆ ಅದೇ ಉದ್ದನೆಯ ಎಡ ತಿರುವಿಗೆ ಹೋದೆ. ಗಾಜು ಇಳಿಸಿ, ರೇಡಿಯೋ ಆರಿಸಿ 60ರಲ್ಲಿ ತಿರುಗಿಸಿದೆ. ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿದು ನೋಡಿದೆ, ಸ್ಪ್ರಿಂಗ್ ಮೇಲೆ ಬೆರಳಿಟ್ಟು ಎರಡೂ ಚಕ್ರ ತಿರುಗಿಸಿದೆ. ಎರಡೂ ಕಡೆ ಸ್ಪ್ರಿಂಗ್ ಸುಮ್ಮನಿತ್ತು.