ಛೇದ ನೋಡದೆ ಹಾಕಿದ ಲೆಕ್ಕ

ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹಣದ ಪೂರೈಕೆ ಬಂದಾಗ ಪುಸ್ತಕದ ವ್ಯಾಖ್ಯೆ ಬರೆಸಿ ಮುಂದೆ ಹೋಗೋದು ಸುಲಭ. ಒಂದು ವರ್ಷ ಮಾತ್ರ, ದೇಶದ ಒಟ್ಟು ಹಣ ಜಿಡಿಪಿಯ (ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆಯ) ಶೇಕಡಾ ಎಷ್ಟು ಅಂತ ನಾನೇ ಲೆಕ್ಕ ಹಾಕಿ ತೋರಿಸೋಣ ಅಂತ ಕೂತೆ.

ಹಣ ಅಂದ್ರೆ ಇಲ್ಲಿ ಎಂ3. ಜನರ ಕೈಲಿರುವ ನೋಟು, ನಾಣ್ಯ, ಬ್ಯಾಂಕಿನ ಉಳಿತಾಯ ಮತ್ತು ಚಾಲ್ತಿ ಖಾತೆ, ಎಫ್‌ಡಿ ಎಲ್ಲ ಸೇರಿ. ರಿಸರ್ವ್ ಬ್ಯಾಂಕ್ ಹದಿನೈದು ದಿನಕ್ಕೊಮ್ಮೆ ಇದರ ಅಂಕಿ ಕೊಡುತ್ತದೆ. ಅಮ್ಮನ ಪೋಸ್ಟಾಫೀಸಿನ ಆರ್‌ಡಿ ಇದರಲ್ಲಿ ಬರೋದಿಲ್ಲ, ಅದು ಪೋಸ್ಟಾಫೀಸಿನ ಠೇವಣಿಯನ್ನೂ ಕೂಡಿಸುವ ಎಂ4 ಎಂಬ ಇನ್ನೊಂದು ಲೆಕ್ಕಕ್ಕೆ ಸೇರುತ್ತದೆ. ಇದನ್ನು ಹೇಳಿದಾಗ ಅಮ್ಮ, "ಹಂಗಾರೆ ನನ್ನ ದುಡ್ಡು ದುಡ್ಡಲ್ವನಾ?" ಅಂದಳು.

ಮೊದಲ ಲೆಕ್ಕದಲ್ಲೇ ಎಡವಿದೆ. 2020ರ ಮಾರ್ಚ್ ಕೊನೆಗೆ ಎಂ3 ಸುಮಾರು 168 ಲಕ್ಷ ಕೋಟಿ. ಕಣ್ಣಿಗೆ ಬಿದ್ದ ಜಿಡಿಪಿ ಸುಮಾರು 145 ಲಕ್ಷ ಕೋಟಿ. ಭಾಗಿಸಿದರೆ ಶೇ. 116! ಇಷ್ಟು ಜಾಸ್ತಿ ಹೆಂಗೆ ಅಂತ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ. ಆಮೇಲೆ ಹೊಳೆಯಿತು, ನಾನು ಹಿಡಿದಿದ್ದು 2011-12ರ ಬೆಲೆಯ ಜಿಡಿಪಿ. ಮೇಲಿನ ರೂಪಾಯಿ ಇವತ್ತಿನದು, ಕೆಳಗಿನದು ಹಳೇ ದರದ್ದು. ಎಂಟು ವರ್ಷದ ಹಿಂದಿನ ರೇಟಿಗೆ ಬಂಗಡೆ ಕೇಳಿದ ಹಾಗೆ. ಚಾಲ್ತಿ ಬೆಲೆಯಲ್ಲಿ ಜಿಡಿಪಿ ಸುಮಾರು 201 ಲಕ್ಷ ಕೋಟಿ. ಈಗ ಶೇ. 84ರ ಹತ್ತಿರ ಬಂತು.

ಮರುದಿನ ಬೋರ್ಡಿನ ಮೇಲೆ ಮೂರು ಸಾಲು ಬರೆದೆ. 1971ರ ಮಾರ್ಚ್‌ನಲ್ಲಿ ಎಂ3 ಸುಮಾರು 11,000 ಕೋಟಿ, ಆಗ ಜಿಡಿಪಿಯ ಹೆಚ್ಚುಕಮ್ಮಿ ಕಾಲು ಭಾಗ. 2020ಕ್ಕೆ 84. 2021ಕ್ಕೆ 95. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯ್ತು, ಹಳ್ಳಿಗಳಿಗೆ ಶಾಖೆ ಬಂತು, ಗಡಿಗೆಯಲ್ಲಿದ್ದ ದುಡ್ಡು ಖಾತೆಗೆ ಹೋಯ್ತು, ಹಿಂದುಳಿದ ದೇಶ ಮುಂದೆ ಬರುವಾಗ ಈ ಅನುಪಾತ ಏರುತ್ತದೆ ಅಂತ ಜೋರಾಗಿ ಹೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. "ಸರ್, 2020ರಲ್ಲಿ ಮೀನು ಮಾರ್ಕೆಟ್ಟೇ ಬಂದ್ ಇತ್ತಲ್ಲ, ಮತ್ತೆ 95 ಹೆಂಗೆ?" ಅವಳಮ್ಮ ಮೀನು ಮಾರುತ್ತಾರೆ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಮೀನು ಕೊಳ್ಳುವ ನೆಪದಲ್ಲಿ ಆ ತಾಯಿಯ ಬುಟ್ಟಿಯ ಮುಂದೆ ನಿಂತೆ. ಅವರು ಕವಳದ ಸಂಚಿಯಿಂದ ಒದ್ದೆ ನೋಟುಗಳನ್ನು ತೆಗೆದು ತೋರಿಸಿದರು. "ಮಾಸ್ತರ್ರೇ, ಇದು ಬೆಳಗ್ಗೆ ಬೋಟಿನೋರಿಗೆ ಹೋಗ್ತದೆ, ಮಧ್ಯಾಹ್ನ ಗಿರಾಕಿ ಕೈಯಿಂದ ವಾಪಸ್ ಬರ್ತದೆ. ಆ ವರ್ಷ ಇದ್ದಷ್ಟನ್ನ ಸುಮ್ನೆ ಗಂಟು ಹಾಕಿ ಇಟ್ಕಂಡೆ. ಯಾರು ಬಿಚ್ತಾರೆ?"

ರಾತ್ರಿ ಲೆಕ್ಕವನ್ನು ತಲೆಕೆಳಗು ಮಾಡಿದೆ. ಜಿಡಿಪಿಯನ್ನು ಎಂ3ರಿಂದ ಭಾಗಿಸಿದರೆ ಒಂದು ರೂಪಾಯಿ ವರ್ಷಕ್ಕೆ ಎಷ್ಟು ಸಲ ತಿರುಗಿತು ಅಂತ ಗೊತ್ತಾಗುತ್ತದೆ. 2019-20ರಲ್ಲಿ ಸುಮಾರು 1.2 ಸಲ. ಮುಂದಿನ ವರ್ಷ ಎಂ3 188 ಲಕ್ಷ ಕೋಟಿಗೆ ಏರಿತು, ಜಿಡಿಪಿ ಮಾತ್ರ ಸುಮಾರು 198ಕ್ಕೆ ಇಳಿಯಿತು. ತಿರುಗಿದ್ದು 1.05 ಸಲ. ಒಂದೇ ವರ್ಷದಲ್ಲಿ ಹೊಸ ಶಾಖೆಗಳು ಅಷ್ಟೊಂದು ಎಲ್ಲಿಂದ ಬರಬೇಕು? 95ರ ಲೆಕ್ಕದಲ್ಲಿ ಮೇಲೆ ದುಡ್ಡು ಕೂತಿತ್ತು, ಕೆಳಗೆ ವ್ಯಾಪಾರ ಬಿದ್ದಿತ್ತು.

ಕ್ಲಾಸಿನಲ್ಲಿ ನಿನ್ನೆಯ 95ರ ವಿವರಣೆ ಅಳಿಸಿ, ತಪ್ಪು ಹೇಳಿದ್ದೆ ಅಂತ ಒಪ್ಪಿಕೊಂಡು, 1.05 ಬರೆದೆ. ಅದೇ ಹುಡುಗಿ ಮತ್ತೆ ಎದ್ದಳು. "ಜೂನ್, ಜುಲೈ ಬೋಟು ಬಂದ್ ಆದಾಗ ನಮ್ಮನೇದು ಎಷ್ಟು ಬರ್ತದೆ ಸರ್?"

"ಅಮ್ಮನ್ನ ಕೇಳ್ಕಂಡು ಬಾ, ಲೆಕ್ಕ ಹಾಕೋಣ."

"ಸಂಚೀಲಿ ಎಷ್ಟಿದೆ ಅಂತ ನಮ್ಮಪ್ಪಂಗೇ ಹೇಳಲ್ಲ ಸರ್ ಅವ್ಳು."