ಮೊದಲು ಲೆಕ್ಕ, ಆಮೇಲೆ ಬಟ್ಟೆ ಚೀಲ

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರುವುದು ಬಟ್ಟೆ ಚೀಲ, ಸ್ಟೀಲ್ ಬಾಟಲಿ, ಜೂನ್ 5ಕ್ಕೆ ಗಿಡ ನೆಟ್ಟ ಫೋಟೊ. ಒಳ್ಳೆಯದೇ. ಆದರೆ ನಮ್ಮ ಮನೆಯಿಂದ ಎಷ್ಟು ಇಂಗಾಲ ಗಾಳಿಗೆ ಹೋಗುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ತಿಳಿಯಲು ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್ ಮೆಸೇಜು, ಪೆಟ್ರೋಲ್ ಬಂಕಿನ ಚೀಟಿ ಇದ್ದರೆ ಸಾಕು. ಜೊತೆಗೆ ನಾಲ್ಕು ಅಂಕಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. (ಲೀಟರ್ ಪೆಟ್ರೋಲ್ ಒಂದು ಕೆ.ಜಿ.ಯೂ ತೂಗಲ್ಲ, ಹೊಗೆ ಹೇಗೆ ಇಷ್ಟು ತೂಗುತ್ತದೆ ಅಂತ ಮಗಳು ಕೇಳಿದಳು. ಉರಿಯುವಾಗ ಇಂಗಾಲ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ, ಅದಕ್ಕೆ.) 14.2 ಕೆ.ಜಿ.ಯ ಗ್ಯಾಸ್ ಸಿಲಿಂಡರಿಗೆ ಸುಮಾರು 42 ಕೆ.ಜಿ. ಒಂದು ಯೂನಿಟ್ ಕರೆಂಟಿಗೆ 0.7 ಕೆ.ಜಿ., ಯಾಕೆಂದರೆ ದೇಶದ ಗ್ರಿಡ್ಡಿನಲ್ಲಿ, ಅಂದರೆ ಕರೆಂಟ್ ಜಾಲದಲ್ಲಿ, ಇನ್ನೂ ಕಲ್ಲಿದ್ದಲೇ ಜಾಸ್ತಿ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋದರೆ ಒಬ್ಬರಿಗೆ, ಒಂದು ಕಡೆಗೆ, ಅಂದಾಜು 150 ಕೆ.ಜಿ.

ಬರೆದು ಕೂಡಿಸಿದೆ. ಮನೆಯ ಕರೆಂಟ್ ತಿಂಗಳಿಗೆ 150 ಯೂನಿಟ್ ಆಸುಪಾಸು, ಅಂದರೆ 105 ಕೆ.ಜಿ. ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ, ತಿಂಗಳಿಗೆ 28. ಕಾರು? ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರಲು 30 ಕಿ.ಮೀ. ಮೇಲೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಲೀಟರಿಗೆ 10 ಕಿ.ಮೀ. ಕೊಟ್ಟರೆ ದೊಡ್ಡದು. ದಿನಕ್ಕೆ 7 ಕೆ.ಜಿ., ತಿಂಗಳಿಗೆ 150. ಮೂರು ಜನ ಬೇಯಿಸಿ, ತೊಳೆದು, ದೀಪ ಹಾಕಿ ಮಾಡಿದ್ದಕ್ಕಿಂತ ನಾನೊಬ್ಬನೇ ಸ್ಟೇರಿಂಗ್ ಹಿಡಿದು ಕೂತು ಮಾಡಿದ್ದು ಹೆಚ್ಚು! ಇದರ ಮುಂದೆ ಕೆಲವೇ ಗ್ರಾಂ ತೂಗುವ ಪ್ಲಾಸ್ಟಿಕ್ ಚೀಲ ಲೆಕ್ಕಕ್ಕೇ ಸಿಗಲ್ಲ. ಅದು ಚರಂಡಿಗೆ, ಹಸುವಿನ ಹೊಟ್ಟೆಗೆ ತೊಂದರೆ, ಬಿಡಲೇಬೇಕು. ಆದರೆ ಅದು ಬೇರೆ ಖಾತೆ.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಯಿತು. ಮೊದಲಿಗೆ 25 ನಿಮಿಷಕ್ಕೊಂದು ರೈಲು, ಕಾಲಿಡಲು ಜಾಗ ಇರಲಿಲ್ಲ. ಆದರೂ ಹತ್ತಿದೆ. ಮೆಟ್ರೊಗೂ ಕರೆಂಟ್ ಬೇಕು ನಿಜ, ಅದು ನೂರಾರು ಜನಕ್ಕೆ ಹಂಚಿಹೋಗುತ್ತದೆ. ಕಾರನ್ನು ಮಾರಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೇಕು.

ಲೆಕ್ಕದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನೀರು. ಕಾವೇರಿ ನಮ್ಮ ನಲ್ಲಿಗೆ ತಾನಾಗಿ ಹರಿದು ಬರುವುದಿಲ್ಲ ಅಲ್ವಾ? ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿಸಿ, ಮೂರು ಹಂತದಲ್ಲಿ ಹತ್ತಿರಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಮಾಡುತ್ತಾರೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಹೈಸ್ಕೂಲಿನ ಸೂತ್ರದ ಪ್ರಕಾರವೇ 1.4 ಯೂನಿಟ್ ಬೇಕು. ಪಂಪಿನ ಪೋಲು ಸೇರಿಸಿದರೆ 2 ಅನ್ನಿ. ತಿಂಗಳಿಗೆ 15 ಸಾವಿರ ಲೀಟರ್ ಬಳಸುವ ಮನೆಗೆ 30 ಯೂನಿಟ್ ಆಯಿತು. ಇದು ನಮ್ಮ ಮೀಟರಿನಲ್ಲಿ ಓಡುವುದೇ ಇಲ್ಲ. ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೋಟರ್ ಬೇರೆ.

ನಮ್ಮದು ಬಾಡಿಗೆ ಮನೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ಬಿಸಿನೀರು ಪೈಪಿನಲ್ಲಿ ಇಳಿದು ಬರುವ ಹೊತ್ತಿಗೆ ಒಂದು ಬಕೆಟ್ ತಣ್ಣೀರು ಸುರಿದು ಹೋಗುತ್ತಿತ್ತು. ಹಾಗಂತ ಗೀಸರ್ ಹಾಕಿದರೆ ಬಕೆಟ್ಟಿಗೆ ಅರ್ಧ ಯೂನಿಟ್. ಈಗ ಆ ತಣ್ಣೀರನ್ನು ಹಿಡಿದು ಪಾತ್ರೆ ತೊಳೆಯಲು ಇಡುತ್ತೇವೆ. ಮಳೆಗಾಲದ ಮೋಡದ ದಿನ ಗೀಸರ್ ಹಾಕುವುದೇ, ಸುಮ್ನೆ ಸುಳ್ಳು ಯಾಕೆ.

ಇಂಡಕ್ಷನ್ ಒಲೆ ಕೊಳ್ಳೋಣ್ವಾ ಅಂತ ಹೆಂಡತಿ ಕೇಳಿದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಸಿಲಿಂಡರಿನ ಅಡುಗೆಗೆ ಇಂಡಕ್ಷನ್ 135 ಯೂನಿಟ್ ಆಸುಪಾಸು ತಿನ್ನುತ್ತದೆ. ಇವತ್ತಿನ ಗ್ರಿಡ್ಡಿನಲ್ಲಿ ಅದು 95 ಕೆ.ಜಿ. ಗ್ಯಾಸಿನ ಎರಡು ಪಟ್ಟಿಗೂ ಹೆಚ್ಚು! ಪಾವಗಡದಂಥ ಸೋಲಾರ್ ಪಾರ್ಕುಗಳು ಹೆಚ್ಚಾದ ಹಾಗೆ ಈ ಲೆಕ್ಕ ತಿರುಗೀತು. ಅಲ್ಲಿಯವರೆಗೆ ಬೇಳೆ ನೆನೆಹಾಕಿ ಕುಕ್ಕರಿನಲ್ಲಿ ಕೂಗಿಸುವುದೇ ಸರಿ. ವಾಷಿಂಗ್ ಮೆಷಿನ್ ಮಾತ್ರ ಬಿಸಿಲಿರುವಾಗಲೇ ಹಾಕುತ್ತೇವೆ. ಕತ್ತಲಾದ ಮೇಲೆ ಸೋಲಾರ್ ಕರೆಂಟ್ ಇರಲ್ಲ, ಕಲ್ಲಿದ್ದಲು ಸುಡುವ ಥರ್ಮಲ್ ಸ್ಥಾವರಗಳ ಮೇಲೇ ಹೆಚ್ಚು ಭಾರ.

ಹಸಿ ಕಸ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಬೆಂಗಳೂರಿನ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದಿದ್ದು ನೆನಪಿರಬಹುದು. ನಾವು ಬಾಲ್ಕನಿಯಲ್ಲಿ ತೂತಿನ ಮಡಕೆ ಇಟ್ಟಿದ್ದೇವೆ. ಕಸದ ಮೇಲೆ ಒಣ ಎಲೆ, ಆಗಾಗ ಹುಳಿ ಮಜ್ಜಿಗೆ. ವಾಸನೆ ಬಂದರೆ ಎಲೆ ಸಾಲದು ಅಂತ ಅರ್ಥ. ಎಲೆಗೆ ಜಯನಗರದಲ್ಲಿ ಬರವೇ? ಕಸ ಗುಡಿಸುವವರನ್ನು ಕೇಳಿದರೆ ಚೀಲ ತುಂಬಿ ಕೊಡುತ್ತಾರೆ, ಸುಡುವುದೂ ತಪ್ಪುತ್ತದೆ.

ವಿಮಾನದ ವಿಷಯಕ್ಕೆ ಬಂದರೆ, ಮೂವರೂ ದೆಹಲಿಗೆ ಹೋಗಿ ಬಂದರೆ 900 ಕೆ.ಜಿ. ಆರು ತಿಂಗಳು ಮೆಟ್ರೊದಲ್ಲಿ ನಿಂತು ಉಳಿಸಿದ್ದು ಒಂದೇ ಪ್ರವಾಸದಲ್ಲಿ ಹೋಯಿತು. ಮಗಳಿಗೆ ಕೆಂಪುಕೋಟೆ ತೋರಿಸಲು ರಾಜಧಾನಿ ರೈಲಿನಲ್ಲಿ ಹೋದೆವು. ಆಫೀಸಿನ ಮೀಟಿಂಗ್ ಆದಷ್ಟೂ ವಿಡಿಯೊದಲ್ಲೇ.

ಇನ್ನು ಉಳಿದಿರುವುದು ತಾರಸಿಯ ಸೋಲಾರ್ ಪ್ಯಾನಲ್. 3 ಕಿಲೋವ್ಯಾಟಿಗೆ ಕೇಂದ್ರದ ಸಬ್ಸಿಡಿ 78,000 ರೂಪಾಯಿ, ದಿನಕ್ಕೆ 12 ಯೂನಿಟ್ ಹುಟ್ಟುತ್ತದೆ. ತಾರಸಿ ಓನರದ್ದು, ಬಿಲ್ ನಮ್ಮದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇಬ್ಬರಿಗೂ ಸೊನ್ನೆ ಬಿಲ್. ಬಡವರಿಗೆ ಅದು ದೊಡ್ಡ ಆಸರೆ, ಆ ಬಗ್ಗೆ ತಕರಾರಿಲ್ಲ. ಆದರೆ ಬಿಲ್ ಸೊನ್ನೆಯಾದರೆ ಯೂನಿಟ್ ಎಷ್ಟು ಅಂತ ಯಾರೂ ನೋಡಲ್ಲ. ಹೆಚ್ಚಾದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟರೆ ದುಡ್ಡು ಬರುತ್ತದೆ ಅಂತ ಓನರ್ ಅಂಕಲ್‌ಗೆ ಹೇಳಿದೆ. "ಬಿಲ್ಲೇ ಬರ್ತಿಲ್ವಲ್ಲಪ್ಪ, ಪ್ಯಾನಲ್ ಯಾಕೆ?" ಅಂದರು. ನೋಟ್‌ಬುಕ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಯುಗಾದಿ ಕಳೀಲಿ, ನೋಡೋಣ ಅಂದಿದ್ದಾರೆ.