ಮ್ಯಾನೇಜರ್ ಆಗಿದ್ದೀರಾ? ಹೌಸ್‌ಕೀಪಿಂಗ್‌ನವರ ಪಿಎಫ್ ಕಡೆಗೂ ಒಮ್ಮೆ ನೋಡಿ

ಕಂಪನಿಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ನಮ್ಮ ಮಾತಿಗೆ ಸ್ವಲ್ಪ ತೂಕ ಬಂದಿರುತ್ತದೆ, ಅಲ್ವಾ? ಅದು ಗುತ್ತಿಗೆಯ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರಿಗೂ ಉಪಯೋಗಕ್ಕೆ ಬರಲಿ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ)ಯಲ್ಲಿ ಶೇ. 12ರಷ್ಟು ಪಿಎಫ್ ಅಂತ ಹಿಡಿಯುತ್ತಾರೆ. ಅದು ಖಾತೆಗೆ ಬಿತ್ತೋ ಇಲ್ಲವೋ, ಎಷ್ಟೋ ಜನ ನೋಡಿರುವುದೇ ಇಲ್ಲ.

ಊಟದ ಬಿಡುವಿನಲ್ಲಿ ಜೊತೆಗೆ ಕೂತು, ಅವರ ಫೋನಿನಲ್ಲೇ ಸರ್ಕಾರದ ಉಮಂಗ್ ಆ್ಯಪ್ ಹಾಕಿ, 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಕೊಟ್ಟು ಪಾಸ್‌ಬುಕ್ ತೆಗೆಯಿರಿ. ಒಟಿಪಿ ಅವರೇ ಒತ್ತಲಿ, ನೀವು ಕೇಳಬೇಡಿ. ಮಾಲೀಕರ ಪಾಲೂ ಅಲ್ಲಿ ಕಾಣಬೇಕು.

ಹಳೆಯ ತಿಂಗಳು ಖಾಲಿ ಇದ್ದರೆ ಯಾರ ಹೆಸರನ್ನೂ ಎತ್ತಬೇಡಿ. ಪಾಪ, ಕೆಲಸಕ್ಕೇ ಕುತ್ತು ಬರಬಹುದು. ಎಲ್ಲರ ಪಿಎಫ್ ಚಲನ್ (ಹಣ ಕಟ್ಟಿದ ದಾಖಲೆ) ತೋರಿಸಿ ಅಂತ ಎಚ್‌ಆರ್ ಮೂಲಕ ಗುತ್ತಿಗೆದಾರರನ್ನು ಕೇಳಿಸಿ. ಗುತ್ತಿಗೆಯವರ ಪಿಎಫ್‌ಗೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೂ ಹೊಣೆ, ಹಾಗಾಗಿ ಸುಮ್ನೆ ತಳ್ಳಿಹಾಕುವಂತಿಲ್ಲ.